ಫರಸಿಯ ಮೇಲಿನ ಚುಕ್ಕಿ

ಬಿ.ಎಡ್. ಪರೀಕ್ಷೆಯಲ್ಲಿ ನನಗೆ ಭರ್ತಿ ಅಂಕ ತಂದುಕೊಟ್ಟ ಉತ್ತರವೊಂದಿದೆ. ಹಾಳೆಯ ನಡುವೆ ಸ್ಕೇಲಿಟ್ಟು ಗೆರೆ ಎಳೆದು, ಎಡಗಡೆ ವರ್ತನಾವಾದ, ಬಲಗಡೆ ಸಾಮಾಜಿಕ ಕಲಿಕಾ ಸಿದ್ಧಾಂತ ಎಂದು ಬರೆದಿದ್ದೆ. ಮೆಚ್ಚುಗೆ ಸಿಕ್ಕ ಕೆಲಸವನ್ನು ಮಗು ಮತ್ತೆ ಮಾಡುತ್ತದೆ, ಬೈಗುಳ ಸಿಕ್ಕಿದ್ದನ್ನು ಬಿಡುತ್ತದೆ ಎಂಬುದು ಎಡಗಡೆಯ ಸಾರ. ಮಗು ಎದುರಿಗಿದ್ದವರನ್ನು ನೋಡಿ ನೋಡಿಯೇ ಕಲಿಯುತ್ತದೆ ಎಂಬುದು ಬಲಗಡೆಯದು. ಗೆರೆ ಭಾರೀ ನೆಟ್ಟಗಿತ್ತು. ಈಗ ನೆನೆದರೆ ನಗು ಬರುತ್ತದೆ.

ನನ್ನ ಶಾಲೆ ಚಿತ್ತಾಪುರದಿಂದ ದಂಡೋತಿಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿದೆ. ವಾಡಿಯಿಂದ ರೈಲು ಹಿಡಿದು ಹೋಗುತ್ತೇನೆ. ಒಂದೇ ಕೋಣೆಯಲ್ಲಿ ಒಂದರಿಂದ ಮೂರನೆಯ ತರಗತಿ. ನೆಲಕ್ಕೆ ಹಾಸಿದ್ದು ಶಹಾಬಾದ್ ಫರಸಿ ಕಲ್ಲು. ನಮ್ಮ ಕಡೆ ಯಾರ ಮನೆಯಲ್ಲಿಲ್ಲ ಅದು? ಒಬ್ಬೊಬ್ಬರಿಗೆ ಒಂದೊಂದು ಕಲ್ಲು ಹಂಚಿದ್ದೆ. ಅದರ ಮೇಲೆಯೇ ಕೂತು, ಮುಂದಿನ ಜಾಗದಲ್ಲಿ ಸೀಮೆಸುಣ್ಣದಿಂದ ಬರೆಯುವುದು, ಒದ್ದೆ ಬಟ್ಟೆಯಿಂದ ಒರೆಸುವುದು. ಪಾಟಿ ಒಡೆಯುವ ಚಿಂತೆಯೇ ಇಲ್ಲ.

ಎಡಗಡೆಯ ಸಿದ್ಧಾಂತ ಮೊದಲು ನೋಡೋಣವೆಂದು, ತಪ್ಪಿಲ್ಲದೆ ಓದಿದವರ ಕಲ್ಲಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಚುಕ್ಕಿ ಬಿಡಿಸತೊಡಗಿದೆ. ಮೊದಲ ವಾರ ಕೋಣೆಗೆ ಕೋಣೆಯೇ ಓದಿನಿಂದ ಗುಂಯ್‌ಗುಟ್ಟಿತು. ಎರಡನೆಯ ವಾರ ಬರೆಯಿರಿ ಎಂದರೆ ಯಾರೂ ಬರೆಯಲೊಲ್ಲರು.

"ಬರದ್ರ ಒರಸಬೇಕಾಗ್ತದ್ರಿ ಟೀಚರ್, ಚುಕ್ಕಿ ಹೋಗ್ತದ!"

ಒಬ್ಬಳಂತೂ ಚುಕ್ಕಿಗೆ ಕಾವಲು ಕೂತು ನೀರು ಕುಡಿಯಲೂ ಏಳಲಿಲ್ಲ. ಕಲಿಯಲಿ ಎಂದು ಕೊಟ್ಟ ಚುಕ್ಕಿ ಕಲಿಕೆಯನ್ನೇ ನಿಲ್ಲಿಸಿತ್ತು.

ಚುಕ್ಕಿಯಿಲ್ಲದ ಕಲ್ಲು ಒಂದೇ, ಕಿಟಕಿ ಪಕ್ಕದ ಮೂರನೆಯ ತರಗತಿಯ ಹುಡುಗಿಯದು. ಜೂನ್‌ನಲ್ಲಿ ಎರಡು ಸಲ ಓದಲು ಹೋಗಿ ತಡವರಿಸಿದ್ದಳು; ಆಮೇಲೆ ಬಾಯಿಯೇ ಬಿಟ್ಟಿರಲಿಲ್ಲ. ಅವಳ ಅಜ್ಜಿ ಬಂದು ಖಡಾಖಂಡಿತ ಹೇಳಿಹೋಗಿದ್ದಳು.

"ದಸರಾ ಸೂಟಿ ತನಕ ನೋಡ್ತೀನ್ರಿ. ಓದಾಕ ಬರಲಿಲ್ಲಂದ್ರ ಮನ್ಯಾಗ ಕುಂದ್ರಲಿ. ನಾ ಹೊಲಕ್ಕ ಹೋದ್ರ ತಮ್ಮನ್ನ ನೋಡ್ಕೋತಾಳ."

ನಾನು ಚುಕ್ಕಿಯ ಆಸೆ ತೋರಿಸಿದೆ, ಪೆನ್ಸಿಲಿನ ಆಸೆ ತೋರಿಸಿದೆ, ಸಿಟ್ಟೂ ಮಾಡಿದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ಅವಳು ಸುಮ್ಮನೆ ನನ್ನನ್ನೇ ನೋಡುತ್ತ ಕೂತಿರುತ್ತಿದ್ದಳು. ಬೋರ್ಗಲ್ಲ ಮೇಲೆ ಮಳೆ ಸುರಿದಂತೆ ಅಂದುಕೊಂಡೆ.

ಸೂಟಿಯ ಹಿಂದಿನ ದಿನ ರೈಲು ತಡವಾಯಿತು. ನಾನು ಶಾಲೆ ಮುಟ್ಟುವಷ್ಟರಲ್ಲಿ ಅಜ್ಜಿ ಕೂಸನ್ನು ಕಂಕುಳಲ್ಲಿ ಹೊತ್ತು, ಮೊಮ್ಮಗಳನ್ನು ಶಾಲೆ ಬಿಡಿಸಲು ಅಂಗಳದಲ್ಲಿ ನಿಂತಿದ್ದಳು. ಗದ್ದಲ ಕೇಳಬೇಕಿದ್ದ ಕೋಣೆಯಿಂದ ಒಂದೇ ದನಿ ಬರುತ್ತಿತ್ತು. ಇಬ್ಬರೂ ಕಿಟಕಿಯಲ್ಲಿ ಇಣುಕಿದೆವು.

ಒಳಗೆ ನಾನು ನನ್ನನ್ನೇ ಕಂಡೆ. ಓಢಣಿಯನ್ನು ಸೆರಗಿನಂತೆ ಸೊಂಟಕ್ಕೆ ಸಿಕ್ಕಿಸಿ, ಇಲ್ಲದ ಕನ್ನಡಕವನ್ನು ಮೂಗಿನ ಮೇಲೆ ಏರಿಸುತ್ತ, ಆ ಹುಡುಗಿ ಒಂದನೆಯ ತರಗತಿಯ ಮಕ್ಕಳಿಗೆ ಪಾಠ ಓದುತ್ತಿದ್ದಳು. ಅವಳದೇ ಪುಸ್ತಕದ, ನಾನಿನ್ನೂ ಕಲಿಸಿರದ ಪಾಠ; ಬಾಯಿಪಾಠವಾಗಿರಲು ಸಾಧ್ಯವೇ ಇಲ್ಲ. ಪೂರ್ಣವಿರಾಮದಲ್ಲಿ ನಿಂತಳು, ಪ್ರಶ್ನೆ ಬಂದಾಗ ಹುಬ್ಬೇರಿಸಿದಳು. ನನ್ನ ಮೈ ಜುಮ್ಮೆಂದಿತು. ಅಷ್ಟು ಸಣ್ಣ ಕಣ್ಣುಗಳು ನಾಲ್ಕು ತಿಂಗಳಲ್ಲಿ ಏನೆಲ್ಲ ಒಳಗೆ ಎಳೆದುಕೊಂಡಿದ್ದವು! ಚುಕ್ಕಿಯಿಲ್ಲ, ಪೆನ್ಸಿಲಿಲ್ಲ, ಭೇಷ್ ಅಂದವರೂ ಇಲ್ಲ. ಗುಡಿಯಲ್ಲಿ ಕೈಮುಗಿದು ನಿಂತಾಗಲೂ ನಾನು ಅಷ್ಟು ಬೆರಗಾದವಳಲ್ಲ.

ಆಮೇಲೆ ಅವಳು ಒಂದು ಮಗುವಿಗೆ ಓದಲು ಹೇಳಿದಳು. ಅದು ಎರಡನೆಯ ಅಕ್ಷರಕ್ಕೇ ತಪ್ಪಿತು. ಅವಳು "ಚ್ಚ್" ಎಂದು ಲೊಚಗುಟ್ಟಿ ಮುಖವನ್ನು ಬಾಗಿಲ ಕಡೆ ತಿರುಗಿಸಿದಳು. ಮಗು ತಟ್ಟನೆ ಬಾಯಿ ಮುಚ್ಚಿ ತಲೆ ತಗ್ಗಿಸಿತು.

ಅದೂ ನಾನೇ. ತಪ್ಪು ಕೇಳಿದರೆ ಹಾಗೆ ಮಾಡುತ್ತೇನೆಂದು ಅಲ್ಲಿಯತನಕ ನನಗೇ ಗೊತ್ತಿರಲಿಲ್ಲ. ಸ್ಕೇಲಿಟ್ಟು ಎರಡು ಮಾಡಿದ್ದ ಸಿದ್ಧಾಂತಗಳು ಆ ಒಬ್ಬ ಹುಡುಗಿಯೊಳಗೆ ಕೂಡಿಯೇ ಇದ್ದವು. ನನ್ನನ್ನು ನೋಡಿ ನೋಡಿ ಓದು ಕಲಿತಿದ್ದಳು. ನನ್ನ "ಚ್ಚ್" ಕೇಳಿ ನನ್ನ ಮುಂದೆ ಓದುವುದನ್ನೇ ಬಿಟ್ಟಿದ್ದಳು.

ಅಜ್ಜಿ ಕಿಟಕಿಯ ಸರಳು ಹಿಡಿದುಕೊಂಡು ನನ್ನ ಕಡೆ ತಿರುಗಿದಳು. "ಎಷ್ಟ ಛಂದ ಓದ್ಲಿಕತ್ತಾಳಲ್ರೀ! ಮತ್ತ ನಿಮ್ಮ ಮುಂದ ಯಾಕ ಓದಲಿಲ್ಲ?"

"ನಾ ಮಾರಿ ತಿರುವಿದ್ದಕ್ಕರಿ, ಅಮ್ಮ," ಎಂದೆ.

ಅವಳು ನನ್ನನ್ನು ಅಡಿಯಿಂದ ಮುಡಿಯತನಕ ನೋಡಿದಳು. ಕೂಸನ್ನು ಈ ಕಂಕುಳಿಂದ ಆ ಕಂಕುಳಿಗೆ ಬದಲಿಸಿದಳು.

"ಕೂಸಿನ್ನ ನಾನೇ ಹೊಲಕ್ಕ ಒಯ್ತೀನಿ. ಸೂಟಿ ಮುಗದ ಮ್ಯಾಲ ಆಕಿನ್ನ ಸಾಲಿಗಿ ಕಳಸ್ತೀನಿ," ಎಂದಳು. ಹೊರಟವಳು ನಾಲ್ಕು ಹೆಜ್ಜೆ ಹೋಗಿ ನಿಂತಳು. "ನೀವು ಮಾತ್ರ ಮಾರಿ ತಿರುವಬ್ಯಾಡ್ರಿ, ಟೀಚರ್. ಆಕಿ ನೋಡ್ಲಿಕತ್ತಾಳ."