ಪಿಳ್ಳಪ್ಪನವರ ಬಚ್ಚಲು ಮಗ್ಗ

ದೊಡ್ಡಬಳ್ಳಾಪುರದಲ್ಲಿ ನಮ್ಮ ಮನೆಗೂ ಪಿಳ್ಳಪ್ಪನವರ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಆ ಗೋಡೆಯ ಆಚೆ ಅವರ ಬಚ್ಚಲುಮನೆ. ಹಾಗಾಗಿ ೧೯೭೧ರ ದೀಪಾವಳಿಗೆ ಮುಂಚೆ ಅಲ್ಲಿ ನಡೆದದ್ದರಲ್ಲಿ ಅರ್ಧವನ್ನು ನಾನು ಕಣ್ಣಾರೆ ನೋಡಿದ್ದೇನೆ, ಇನ್ನರ್ಧವನ್ನು ಗೋಡೆಯ ಈಚೆಯಿಂದ ಕೇಳಿದ್ದೇನೆ. ಕೇಳಿದ್ದು ಸರಿಯೋ ತಪ್ಪೋ ಎಂದು ಆಮೇಲೆ ಅವರ ಹೆಂಡತಿ ಅಮ್ಮಯಮ್ಮನವರನ್ನು ವಿಚಾರಿಸಿಕೊಂಡು ಬರೆದಿದ್ದೇನೆ.

ಪಿಳ್ಳಪ್ಪನವರು ಹುಟ್ಟಿನಿಂದ ನೇಕಾರರಲ್ಲ. ತೂಬಗೆರೆ ಕಡೆಯ ಒಕ್ಕಲು ಮನೆತನದವರು. ಹೊಲ ಅಣ್ಣಂದಿರ ಪಾಲಾದ ಮೇಲೆ ಪೇಟೆಗೆ ಬಂದು ಹಾಸು ನೂಲಿಗೆ ಗಂಜಿ ಹಾಕುವುದನ್ನು ಕಲಿತರು. ಮಗ್ಗಕ್ಕೆ ಏರಿಸುವ ಮೊದಲು ಸೀರೆಯ ಉದ್ದದ ಎಳೆಗಳನ್ನು ಬೀದಿಯಲ್ಲಿ ಎಳೆದು ಕಟ್ಟಿ, ಗಂಜಿ ಹಚ್ಚಿ, ಮೊಳಕ್ಕಿಂತ ಉದ್ದದ ಕುಂಚದಿಂದ ಬಾಚುತ್ತಾರೆ. ಇದು ಒಬ್ಬರಿಂದ ಆಗುವ ಕೆಲಸವಲ್ಲ. ಈ ಪಕ್ಕ ಒಬ್ಬರು, ಆ ಪಕ್ಕ ಒಬ್ಬರು ಹೆಜ್ಜೆಗೆ ಹೆಜ್ಜೆ ಸೇರಿಸಿ ನಡೆಯಬೇಕು. ಪಿಳ್ಳಪ್ಪನವರಿಗೆ ಆ ಪಕ್ಕದಲ್ಲಿದ್ದವರು ಪಾಪಯ್ಯನವರು. ಇಬ್ಬರೂ ಇಪ್ಪತ್ತೆರಡು ವರ್ಷ ಹೀಗೆ ಎದುರುಬದುರಾಗಿ ನಡೆದರು. ಆಮೇಲೆ ಊರಿಗೆ ಕರೆಂಟಿನ ಮಗ್ಗಗಳು ಬಂದವು. ಅವಕ್ಕೆ ಬೇಕಾದ ಹಾಸು ಸಿದ್ಧವಾಗಿಯೇ ಬರತೊಡಗಿತು. ಪಿಳ್ಳಪ್ಪನವರ ಕುಂಚ ಗೋಡೆಯ ಗೂಟ ಸೇರಿತು.

ಅಮ್ಮಯಮ್ಮನವರ ಕಷ್ಟ ಬೇರೆ ಥರದ್ದು. ಎರಡು ವರ್ಷದ ಕೆಳಗೆ ಅವರು ಬಚ್ಚಲುಕಲ್ಲಿನ ಮೇಲೆ ಜಾರಿ ಬಿದ್ದು ಎಡಗೈ ಮುರಿದುಕೊಂಡಿದ್ದರು. ನಾಟಿ ಕಟ್ಟು ಹಾಕಿಸಿ ಕೈ ಕೂಡಿತು, ಭಯ ಮಾತ್ರ ಹೋಗಲಿಲ್ಲ. ಅಂದಿನಿಂದ ಅವರು ಬಚ್ಚಲುಮನೆಯೊಳಗೆ ಕಾಲಿಡದೆ, ಹಿತ್ತಲಲ್ಲಿ ಹಳೆಯ ಸೀರೆ ಮರೆ ಕಟ್ಟಿಕೊಂಡು ಬಕೆಟ್ಟಿನಲ್ಲಿ ನೀರು ಹುಯ್ದುಕೊಳ್ಳುತ್ತಿದ್ದರು. ಈಗ ಆ ಹಿತ್ತಲ ಹಿಂದೆ ಯಾರೋ ಕರೆಂಟಿನ ಮಗ್ಗದ ಶೆಡ್ಡು ಕಟ್ಟಿಸುತ್ತಿದ್ದರು. ಸಾಲಾಗಿ ಆರು ಕಿಟಕಿ, ಆರೂ ಇವರ ಹಿತ್ತಲ ಕಡೆಗೇ. ದೀಪಾವಳಿ ಕಳೆದ ಮೇಲೆ ಅಲ್ಲಿ ಹಗಲೂ ರಾತ್ರಿ ಕೆಲಸ ಶುರುವಾಗುವುದಿತ್ತು.

"ಆರು ಕಿಟಕಿ ಮುಂದೆ ನಾನು ಸ್ನಾನ ಮಾಡ್ಲಾ?" ಎಂದು ಅಮ್ಮಯಮ್ಮನವರು ಗಂಡನನ್ನು ಕೇಳಿದರು.

"ಒಳಗೆ ಮಾಡು. ಕಾಲು ನೋಡ್ಕೊಂಡು ಇಟ್ರೆ ಯಾಕೆ ಬೀಳ್ತಾರೆ?"

"ಕಲ್ಲೇ ಜಾರ್ತೈತೆ ಅಂತ ಎರಡು ವರ್ಷದಿಂದ ಬಡ್ಕೊಂತಾ ಇದ್ದೀನಿ."

"ಕಲ್ಲು ಯಾಕೆ ಜಾರ್ತೈತೆ? ಕೊಳೆ ಜಾರ್ತೈತೆ. ನೀರು ತುಂಬೋ ಹಬ್ಬದ ಹೊತ್ತಿಗೆ ಒಂದು ವ್ಯವಸ್ಥೆ ಮಾಡ್ತೀನಿ. ನೀನು ಬಗ್ಗಿ ಉಜ್ಜೋದೇ ಬೇಡ, ಹಂಗ್ ಮಾಡ್ತೀನಿ."

ನೀರು ತುಂಬುವ ಹಬ್ಬಕ್ಕೆ ಒಂಬತ್ತು ದಿನ ಉಳಿದಿತ್ತು. ಅಂದು ಎಲ್ಲರ ಮನೆಯಲ್ಲೂ ಬಚ್ಚಲು ತೊಳೆದು, ಹಂಡೆಗೆ ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆದು, ನೀರು ತುಂಬುತ್ತಾರೆ. ಮಾರನೆಯ ಬೆಳಗಿನ ಜಾವ ಎಣ್ಣೆಸ್ನಾನ.

ಪಿಳ್ಳಪ್ಪನವರು ಗೂಟದಿಂದ ಕುಂಚ ಇಳಿಸಿದರು. ಐದು ದಿನ ಜಗುಲಿಯ ಮೇಲೆ ಕೂತು ಕೆಲಸ ಮಾಡಿದರು. ಕುಂಚದ ಬೆನ್ನಿಗೆ ಮಗ್ಗದ ತೂಕದ ಕಲ್ಲು ಕಟ್ಟಿದರು. ಅದರ ಮೇಲೆ ತಳಕ್ಕೆ ಮೊಳೆಯಿಂದ ತೂತು ಹೊಡೆದ ಡಬ್ಬವೊಂದನ್ನು ಕೂರಿಸಿದರು. ಬಿಸಿನೀರು ತಾನಾಗಿ ತೊಟ್ಟಿಕ್ಕುವುದಕ್ಕೆ. ಒಂದು ತುದಿಗೆ ಬಿದಿರಿನ ಹಿಡಿ ಹಾಕಿದರು. ಇನ್ನೊಂದು ತುದಿಗೆ ಹಗ್ಗ ಕಟ್ಟಿದರು. ಆ ಹಗ್ಗ ಮೋರಿಯ ತೂತಿನಿಂದ ಮನೆಯ ಹಿಂದಕ್ಕೆ ಹೋಗಬೇಕು. ಅಲ್ಲೊಬ್ಬರು ಎಳೆಯಬೇಕು, ಬಾಗಿಲಲ್ಲೊಬ್ಬರು ಹಿಡಿ ಜಗ್ಗಬೇಕು. ಯಾರೂ ಒಳಗೆ ಹೋಗುವ ಹಾಗಿಲ್ಲ, ಯಾರೂ ಬಗ್ಗುವ ಹಾಗಿಲ್ಲ.

ಅಮ್ಮಯಮ್ಮನವರು ಸೊಪ್ಪು ಬಿಡಿಸುತ್ತಾ ನೋಡುತ್ತಿದ್ದರು. "ಒಬ್ಬಳು ಹೆಂಗಸು ಕಾಲು ಗಂಟೇಲಿ ಉಜ್ಜೋ ಬಚ್ಚಲಿಗೆ ಇಬ್ಬರು ಗಂಡಸರಾ?"

"ಕುಂಚ ಅಂದಮೇಲೆ ಇಬ್ಬರು ಇರ್ಲೇಬೇಕಲ್ಲ" ಎಂದರು ಪಿಳ್ಳಪ್ಪನವರು. ಅವರಿಗೆ ಅದರಲ್ಲಿ ಯಾವ ಅನುಮಾನವೂ ಇರಲಿಲ್ಲ.

ಬೀದಿಯವರು ಅದಕ್ಕೆ ಬಚ್ಚಲು ಮಗ್ಗ ಎಂದು ಹೆಸರಿಟ್ಟರು. ಪರೀಕ್ಷೆಯ ದಿನ ಬೆಳಿಗ್ಗೆ ಏಳು ಜನ ಬಂದಿದ್ದರು, ನಾನು ಎಣಿಸಿದ್ದೇನೆ. ಪಾಪಯ್ಯನವರು ಒಗೆದ ಪಂಚೆ ಉಟ್ಟು, ತಲೆಗೆ ಟವಲು ಸುತ್ತಿ, ಹಿಂದೆ ಹೋಗಿ ಹಗ್ಗ ಹಿಡಿದು ನಿಂತರು. ಮೂರು ವರ್ಷದಿಂದ ಅವರಿಗೂ ಗಂಜಿ ಹಾಕುವ ಕೆಲಸವಿರಲಿಲ್ಲ.

"ಪಾಪಯ್ಯಾ, ಬಿಡ್ಲಾ?"

"ಬಿಡಣ್ಣ."

ಕುಂಚ ಹೋಯಿತು, ಬಂತು, ಮತ್ತೆ ಹೋಯಿತು. ಡಬ್ಬದಿಂದ ಬಿಸಿನೀರು ತೊಟ್ಟಿಕ್ಕಿತು. ಒಬ್ಬರಿಗೊಬ್ಬರು ಕಾಣದಿದ್ದರೂ ಇಬ್ಬರ ಎಳೆತ ಒಂದು ಚೂರೂ ತಪ್ಪಲಿಲ್ಲ. ನೋಡುವುದಕ್ಕೆ ಚೆನ್ನಾಗಿತ್ತು. ಅಮ್ಮಯಮ್ಮನವರೂ ಸೊಪ್ಪು ಬಿಟ್ಟು ಎದ್ದು ಬಂದರು.

ಸ್ವಲ್ಪ ಹೊತ್ತಿಗೆ ಹಿಂದಿನಿಂದ ಪಾಪಯ್ಯನವರ ದನಿ ಬಂತು. "ಅಣ್ಣ, ಯಾಕೋ ನಮ್ಮ ಬೀದಿ ವಾಸನೆ ಬರ್ತೈತೆ."

"ಯಾವ ಬೀದಿನೋ?"

"ಹಾಸು ಕಟ್ತಿದ್ವಲ್ಲ, ಆ ವಾಸನೆ. ಅಣ್ಣೋ, ಮೋರೀಲಿ ಹಾಲು ಬಂದಂಗೆ ಬರ್ತೈತೆ. ಕೋಳಿ ಎಲ್ಲಾ ಬಂದ್ಬಿಟ್ವು."

ಗಂಜಿ ಕುಂಚವನ್ನು ನೀರಿನಲ್ಲಿ ತೊಳೆಯುವ ರೂಢಿಯಿಲ್ಲ. ತೊಳೆದರೆ ಕಡ್ಡಿ ಮೆತ್ತಗಾಗುತ್ತದೆಂದು ಕೆಲಸ ಮುಗಿದ ಮೇಲೆ ಕೊಡವಿ, ಎಣ್ಣೆ ಸವರಿ ತೂಗುಹಾಕುತ್ತಾರೆ. ಪಿಳ್ಳಪ್ಪನವರು ಹಾಗೆಯೇ ಮಾಡುತ್ತ ಬಂದವರು. ಇಪ್ಪತ್ತೆರಡು ವರ್ಷದ ಗಂಜಿಯೂ ಎಣ್ಣೆಯೂ ಬುಡದಲ್ಲಿ ಕೂತಿದ್ದವು. ಬಿಸಿನೀರು ಬಿದ್ದದ್ದೇ ಎಲ್ಲ ಕರಗಿ ಕಲ್ಲಿನ ಮೇಲೆ ಇಳಿಯುತ್ತಿತ್ತು.

ಏನಾಯಿತೆಂದು ನೋಡಲು ಪಿಳ್ಳಪ್ಪನವರು ಒಳಗೆ ಒಂದು ಹೆಜ್ಜೆ ಇಟ್ಟರು. ಆ ಹೆಜ್ಜೆ ಅಲ್ಲಿ ನಿಲ್ಲಲಿಲ್ಲ. ಅವರು ಕೂತ ಭಂಗಿಯಲ್ಲೇ ಹಂಡೆಯ ತನಕ ಹೋದರು. ಹಗ್ಗ ಸಡಿಲವಾದದ್ದು ತಿಳಿದ ಪಾಪಯ್ಯನವರು, ಎಳೆಯುವ ಸರದಿ ತಮ್ಮದೆಂದುಕೊಂಡು ಒಮ್ಮೆ ಬಲವಾಗಿ ಎಳೆದರು. ಹಿಡಿಯನ್ನು ಬಿಡದಿದ್ದ ಪಿಳ್ಳಪ್ಪನವರು ಅಲ್ಲಿಂದ ಮೋರಿಯ ತನಕ ಬಂದರು.

"ಹೆಂಗೈತಣ್ಣ ಒಳಗೆ?" ಎಂದು ಪಾಪಯ್ಯನವರು ಕೂಗಿ ಕೇಳಿದರು.

"ನಿಲ್ಸೋ, ನಿಲ್ಸು."

ನಾವೆಲ್ಲ ನಗಬಾರದೆಂದು ಸುಮ್ಮನಿದ್ದೆವು. ಮೊದಲು ನಕ್ಕವರು ಅಮ್ಮಯಮ್ಮನವರು. ಬಾಗಿಲ ಚೌಕಟ್ಟು ಹಿಡಿದುಕೊಂಡು, ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ, "ಪೆಟ್ಟಾಯ್ತಾ?" ಎಂದು ಕೇಳಿದರು.

"ಇಲ್ಲ."

"ಕಾಲು ನೋಡ್ಕೊಂಡು ಇಟ್ಟಿದ್ಯಾ?"

ಪಿಳ್ಳಪ್ಪನವರು ಹಿಡಿಯನ್ನು ಬಿಟ್ಟು, ಕೂತಲ್ಲಿಂದಲೇ ಬಾಗಿಲ ಕಡೆಗೆ ತೆವಳಿದರು.

ಗಂಜಿಯನ್ನು ತೆಗೆಯುವುದಕ್ಕೆ ಮೂರು ಹಂಡೆ ನೀರು, ಎರಡು ಮೊರ ಬೂದಿ ಬೇಕಾದವು. ಗಂಡಸರಿಬ್ಬರೂ ಮಧ್ಯಾಹ್ನದವರೆಗೆ ಮಂಡಿಯೂರಿ ಉಜ್ಜಿದರು. ಕೊನೆಗೆ ಕಲ್ಲು ಕನ್ನಡಿಯಂತಾಯಿತು. ಪಿಳ್ಳಪ್ಪನವರು ಒದ್ದೆ ಕಾಲಿನಲ್ಲಿ ಅದರ ಮೇಲೆ ನಿಧಾನವಾಗಿ ನಿಂತು ನೋಡಿದರು. ಕೊಳೆ ಇರಲಿಲ್ಲ, ಗಂಜಿ ಇರಲಿಲ್ಲ. ಆದರೂ ಕಾಲು ಜಾರಿತು. ಗೋಡೆ ಹಿಡಿದು ನಿಂತು ಇನ್ನೊಂದು ಸಲ ಕಾಲು ಒತ್ತಿ ನೋಡಿದರು.

ಸಂಜೆ ಜಗುಲಿಯ ಮೇಲೆ ಹೆಂಡತಿಗೆ ಹೇಳಿದರು. "ನೀನು ಹೇಳಿದ್ದೇ ಸರಿ ಕಣೆ. ಕಲ್ಲೇ ಜಾರ್ತೈತೆ. ಉಜ್ಜಿದಷ್ಟೂ ಜಾಸ್ತಿ. ಎರಡು ವರ್ಷ ನಿನ್ನ ಕಾಲ್ಮೇಲೆ ತಪ್ಪು ಹಾಕ್ಬಿಟ್ಟೆ."

ಅಮ್ಮಯಮ್ಮನವರು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದರು.

"ಇನ್ನು ನಾಲ್ಕು ದಿನ ಐತೆ ಹಬ್ಬಕ್ಕೆ. ನನಗೇನೂ ತೋಚ್ತಿಲ್ಲ. ಹಿತ್ತಲಿಗೆ ತಗಡು ಹೊಡಸ್ಲಾ?"

"ತಗಡೂ ಬೇಡ, ಯಂತ್ರನೂ ಬೇಡ. ಕದಿರಮ್ಮ ಬರ್ಲಿ ತಡಿ."

ಕದಿರಮ್ಮ ರುಬ್ಬುವ ಕಲ್ಲು, ಬೀಸುವ ಕಲ್ಲು ಕುಟ್ಟುವವಳು. ಸವೆದು ನುಣುಪಾದ ಕಲ್ಲಿಗೆ ಉಳಿಯಿಂದ ಸಣ್ಣ ಸಣ್ಣ ಗುಳಿ ಹೊಡೆದು ಮತ್ತೆ ಒರಟು ಮಾಡಿಕೊಟ್ಟು ಹೋಗುತ್ತಾಳೆ. ಹಬ್ಬದ ಮುಂದೆ ಅವಳು ಎಲ್ಲ ಬೀದಿಗೂ ಬರುತ್ತಾಳೆ. ಎರಡು ದಿನದ ನಂತರ ಬಂದಳು.

"ಎಲ್ಲಮ್ಮಾ ಒರಳು?"

"ಒರಳಲ್ಲ. ಒಳಗೆ ಬಾ" ಎಂದು ಅಮ್ಮಯಮ್ಮನವರು ಬಚ್ಚಲುಮನೆ ತೋರಿಸಿದರು.

ಕದಿರಮ್ಮ ಬಾಗಿಲಲ್ಲಿ ನಿಂತು ನೋಡಿದಳು. "ಇದರಲ್ಲಿ ಏನು ರುಬ್ಬುತೀಯಮ್ಮ? ನಿನ್ನ ಗಂಡನ್ನಾ?"

"ಅವರು ಆಗ್ಲೇ ಒಂದ್ಸಲ ನುಣ್ಣಗಾಗವ್ರೆ. ನೀನು ಕಲ್ಲು ಕುಟ್ಟು."

ಒಂದು ಹಗಲು ಪೂರ್ತಿ ಗೋಡೆಯ ಆಚೆಯಿಂದ ಟಣ್ ಟಣ್ ಎಂಬ ಸದ್ದು ಬರುತ್ತಿತ್ತು. ಮಧ್ಯಾಹ್ನ ಕದಿರಮ್ಮನಿಗೆ ಅಲ್ಲೇ ಮುದ್ದೆ ಊಟವಾಯಿತು. ಸಂಜೆಗೆ ಕಲ್ಲಿನ ಮೇಲೆ ಅಕ್ಕಿ ಕಾಳಿನಷ್ಟು ಗುಳಿಗಳು ಸಾಲುಸಾಲಾಗಿ ಮೂಡಿದವು. ನೀರು ಹೊಯ್ದರೆ ಅಂಗಾಲಿಗೆ ಕಚ್ಚಿಕೊಳ್ಳುವಂತಿತ್ತು.

ಆದರೆ ಗುಳಿಗಳಲ್ಲಿ ಕಲ್ಲಿನ ಪುಡಿ ತುಂಬಿಕೊಂಡಿತ್ತು. ತೆಂಗಿನ ನಾರು ಹಾಕಿ ಉಜ್ಜಿದರೂ ಬರಲಿಲ್ಲ, ಪೊರಕೆಗೂ ಬರಲಿಲ್ಲ. ಅಮ್ಮಯಮ್ಮನವರು ಸುತ್ತಲೂ ನೋಡಿ, ಮೂಲೆಗೆ ಒರಗಿಸಿದ್ದ ಕುಂಚ ತೆಗೆದುಕೊಂಡರು. ತೂಕದ ಕಲ್ಲು ಬಿಚ್ಚಿದರು, ಡಬ್ಬ ಕಿತ್ತರು, ಹಗ್ಗ ಕತ್ತರಿಸಿದರು. ಬಿದಿರಿನ ಹಿಡಿಯನ್ನು ಮಾತ್ರ ಉಳಿಸಿಕೊಂಡು ಬಾಗಿಲಲ್ಲಿ ನಿಂತೇ ಉಜ್ಜಿದರು. ಗಂಜಿ ಕಳೆದುಕೊಂಡು, ಎರಡು ದಿನ ಒಣಗಿ ಮತ್ತೆ ಗಟ್ಟಿಯಾಗಿದ್ದ ಕಡ್ಡಿಗಳು ಒಂದೊಂದು ಗುಳಿಗೂ ಇಳಿದು ಪುಡಿಯನ್ನು ಎಬ್ಬಿಸಿಕೊಂಡು ಬಂದವು. ಬಗ್ಗುವ ಅಗತ್ಯ ಬೀಳಲಿಲ್ಲ.

ಪಿಳ್ಳಪ್ಪನವರು ಪಕ್ಕಕ್ಕೆ ಬಂದು ನಿಂತರು. "ಕೆಲಸ ಮಾಡ್ತೈತಲ್ಲ ನನ್ನ ಯಂತ್ರ."

"ಮಾಡ್ತೈತೆ. ಅರ್ಧ ಬಿಚ್ಚಿದ್ಮೇಲೆ."

ಪಾಪಯ್ಯನವರಿಗೆ ಮಾತ್ರ ಬೇಸರವಾಯಿತು. ಕತ್ತರಿಸಿದ ಹಗ್ಗವನ್ನು ಕೈಯಲ್ಲಿ ಸುತ್ತಿಕೊಳ್ಳುತ್ತಾ, "ಹಂಗಾದ್ರೆ ನಾನು ಬೇಡ್ವಾ ಅತ್ತಿಗೆ?" ಎಂದರು.

"ಹಬ್ಬದ ಬೆಳಿಗ್ಗೆ ಬಾ. ಹೊರಗಡೆಯಿಂದ ಹಂಡೆ ಒಲೆ ನೋಡ್ಕೊಳ್ಳೋಕೆ ಜನ ಬೇಕು."

ಹಬ್ಬದ ಬೆಳಗಿನ ಜಾವ ಅಮ್ಮಯಮ್ಮನವರು ತಲೆಗೂ ಮೈಗೂ ಎಣ್ಣೆ ಹಚ್ಚಿಕೊಂಡು ಬಚ್ಚಲುಮನೆಯ ಬಾಗಿಲಿಗೆ ಬಂದರು. ಒಂದು ಕಾಲು ಒಳಗಿಟ್ಟು ನಿಂತರು. ಪಿಳ್ಳಪ್ಪನವರು ಕೈ ಚಾಚಿದರು. ಅಮ್ಮಯಮ್ಮನವರು ಅದನ್ನು ಹಿಡಿದುಕೊಳ್ಳಲಿಲ್ಲ, ಇನ್ನೊಂದು ಕಾಲನ್ನೂ ಇಟ್ಟು, ಎರಡು ಸಲ ಮೆಲ್ಲಗೆ ಒತ್ತಿ ನೋಡಿ, ಒಳಗಿನಿಂದ ಅಗುಳಿ ಹಾಕಿಕೊಂಡರು. ಅಷ್ಟರಲ್ಲಿ ನಾನು ಗೋಡೆಯ ಈಚೆ ಎದ್ದಿದ್ದೆ. ಮೊದಲ ಚೊಂಬು ನೀರು ಬಿದ್ದ ಸದ್ದು ಕೇಳಿಸಿತು. ಎರಡನೆಯದು ಬೀಳುವುದಕ್ಕೆ ತಡವಾಯಿತು. ಆಮೇಲೆ ಒಂದರ ಹಿಂದೆ ಒಂದು.

"ಹುಷಾರು" ಎಂದರು ಹೊರಗೆ ನಿಂತ ಪಿಳ್ಳಪ್ಪನವರು.

"ನಾನು ಚೆನ್ನಾಗಿದ್ದೀನಿ. ಪಾಪಯ್ಯಂಗೆ ಇನ್ನೊಂದು ಸೌದೆ ಇಡೋಕೆ ಹೇಳು."

ಎರಡು ವರ್ಷದ ಸ್ನಾನವನ್ನು ಅವರು ಒಂದೇ ಸಲ ಮಾಡಿದರು. ಸೀಗೆಪುಡಿ ಮುಗಿದು, ನಮ್ಮ ಮನೆಯಿಂದ ಒಂದು ಹಿಡಿ ಹೋಯಿತು. ಬೆಳಕು ಹರಿಯಿತು. ಅವರು ಈಚೆ ಬಂದಾಗ ಹಂಡೆಯ ತಳ ಕಾಣುತ್ತಿತ್ತು. ಪಿಳ್ಳಪ್ಪನವರೂ ಪಾಪಯ್ಯನವರೂ ತಲೆತುಂಬ ಎಣ್ಣೆ ಹಚ್ಚಿಕೊಂಡು, ಕಿವಿಯ ಮೇಲೆ ಇಳಿಯುತ್ತಿದ್ದದ್ದನ್ನು ಒರೆಸಿಕೊಳ್ಳುತ್ತಾ, ಇಬ್ಬರೂ ಒಂದೊಂದು ಬಿಂದಿಗೆ ಹಿಡಿದು ಬಾವಿಯ ಕಡೆಗೆ ಹೊರಟರು.