ನಾಗಲಿಂಗಪ್ಪ ಕಾದ ಬಿರಿಯಾನಿ

ಕೋಟೆ ಕಾದವರಿದ್ದಾರೆ, ನಿಧಿ ಕಾದವರಿದ್ದಾರೆ. ಆದರೆ ಒಂದು ತಟ್ಟೆ ಬಿರಿಯಾನಿಗಾಗಿ ತನ್ನ ಪ್ರಜಾಕೋಟಿಯನ್ನೇ ಬೆವರಿನಲ್ಲಿ ಬೇಯಿಸಿದ ವೀರ ಭೂಮಂಡಲಕ್ಕೆ ಒಬ್ಬನೇ: ನಮ್ಮ ಬಾಗಲಗುಂಟೆಯ ಫ್ರಿಡ್ಜ್ ಮೆಕ್ಯಾನಿಕ್ ನಾಗಲಿಂಗಪ್ಪ. ಅದೂ ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದ ಮನುಷ್ಯ.

ಪ್ರಜೆಗಳೆಂದರೆ ಕಂಪ್ಯೂಟರ್ ಆಟದೊಳಗಿನವರು. ಅಂಗಡಿಯ ಮೂಲೆಯಲ್ಲಿ, ಗ್ಯಾಸ್ ಸಿಲಿಂಡರಿನ ಪಕ್ಕ ಒಂದು ಹಳೆಯ ಕಂಪ್ಯೂಟರ್ ಇದೆ. ಅದರೊಳಗೆ ಕಾಡಿನ ನಡುವೆ ಒಂದು ಪುಟ್ಟ ಊರು. ಅಲ್ಲಿ ಜೋಳ ಬೆಳೆಯಬೇಕು, ತೋಳ ಬಂದರೆ ಓಡಿಸಬೇಕು, ಮಾಡಿದ ಅಡುಗೆ ಕೆಡದಂತೆ ನೋಡಿಕೊಳ್ಳಬೇಕು. ಈ ಆಟದಲ್ಲಿ ಊಟ ನಿಜವಾದ ಊಟದಂತೆಯೇ ಹಳಸುತ್ತದೆ. ಪ್ರತಿ ತಟ್ಟೆಯ ಕೆಳಗೆ ಒಂದು ಹಸಿರು ಗೆರೆ. ಬಿಸಿಲಿನಲ್ಲಿ ಅದು ಬೇಗ ಸವೆಯುತ್ತದೆ, ಪೆಟ್ಟಿಗೆಯಲ್ಲಿ ನಿಧಾನವಾಗಿ. ಪೂರ್ತಿ ಸವೆದರೆ ತಟ್ಟೆ ಮಾಯ. ನೀರು ಹೆಪ್ಪುಗಟ್ಟುವ ಚಳಿಯಲ್ಲಿಟ್ಟರೆ ಮಾತ್ರ ಗೆರೆ ನಿಂತಲ್ಲೇ ನಿಲ್ಲುತ್ತದೆ.

ಆಟ ಕಲಿಸಿದವನು ನಜೀರ್. ಗೊರಗುಂಟೆಪಾಳ್ಯದಲ್ಲಿ ಅವನದೂ ಫ್ರಿಡ್ಜ್ ರಿಪೇರಿ ಅಂಗಡಿ. ಇಬ್ಬರೂ ಒಬ್ಬನೇ ಮೇಸ್ತ್ರಿಯ ಬಳಿ ಏಟು ತಿಂದು ಕೆಲಸ ಕಲಿತವರು. ಗಿರಾಕಿಯಿಲ್ಲದ ಮಧ್ಯಾಹ್ನಗಳಲ್ಲಿ ತಂತಮ್ಮ ಅಂಗಡಿಯಿಂದಲೇ ಅದೇ ಊರಿಗೆ ಇಳಿದು, ಫೋನಿನಲ್ಲಿ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತ ಆಡುತ್ತಿದ್ದರು. ನಾಗಲಿಂಗಪ್ಪನದು ಹೊಲ, ನಜೀರನದು ಒಲೆ.

ಬಾಗಿಲು ಸರಿಯಾಗಿ ಹಾಕಿ ಎಂದು ಕಂಡವರ ಮನೆಯಲ್ಲೆಲ್ಲ ಪಾಠ ಹೇಳಿಯೇ ಹೊಟ್ಟೆ ಹೊರೆದ ಈ ಇಬ್ಬರು ಪಂಡಿತರು, ಆಟದೊಳಗೆ ಜೋಳ ತುಂಬಿದ್ದ ತಣ್ಣನೆಯ ಕೋಣೆಯ ಬಾಗಿಲನ್ನು ಒಂದು ದಿನ ತೆರೆದೇ ಬಿಟ್ಟರು. ಅವನು ಹಾಕಿರುತ್ತಾನೆಂದು ಇವನು, ಇವನು ಹಾಕಿರುತ್ತಾನೆಂದು ಅವನು. ವರ್ಷದ ಬೆಳೆ ಕೊಳೆಯಿತು. ಫ್ರಿಡ್ಜ್ ಮುಟ್ಟೋಕೇ ನೀನು ಲಾಯಕ್ಕಿಲ್ಲ ಎಂದುಬಿಟ್ಟ ನಾಗಲಿಂಗಪ್ಪ. ಅಪ್ಪ ಅಜ್ಜನನ್ನೆಲ್ಲ ಎಳೆದು ಬೈದಾಗಲೂ ನಜೀರ್ ನಗುತ್ತಿದ್ದ. ಈ ಮಾತಿಗೆ ಮಾತ್ರ ಫೋನಿಟ್ಟುಬಿಟ್ಟ. ಆಮೇಲೆ ಆ ಊರಿಗೆ ಬರಲೇ ಇಲ್ಲ.

ಅವನು ಅಂದು ಮಾಡಿದ್ದ ಒಂದು ತಟ್ಟೆ ಅಡುಗೆ ಉಳಿದಿತ್ತು. ಆಟದವರು ಅದಕ್ಕೆ ಏನೋ ಹೆಸರಿಟ್ಟಿದ್ದರು. ನಜೀರ್ ಅದನ್ನು ಬಿರಿಯಾನಿ ಎಂದಿದ್ದ, ಹಾಗಾಗಿ ಅದು ಬಿರಿಯಾನಿ. ಅದರ ಮೇಲೆ ಮೌಸ್ ಒಯ್ದರೆ ಮಾಡಿದವರ ಹೆಸರು ಮೂಡುತ್ತದೆ. ನಾಗಲಿಂಗಪ್ಪ ಅದನ್ನು ತಣ್ಣನೆಯ ಕೋಣೆಯಲ್ಲಿಟ್ಟು, ಹಸಿದ ಪ್ರಜೆಗಳು ನುಗ್ಗದಂತೆ ಬೀಗ ಹಾಕಿದ. ಕೆಲಸದ ನಡುನಡುವೆ ಎದ್ದು ಬಂದು ಮೌಸನ್ನು ಅಲ್ಲಿಗೆ ಒಯ್ದು, ಹೆಸರು ಓದಿ, ಮತ್ತೆ ಹೋಗಿ ಕಂಪ್ರೆಸರ್ ಬಿಚ್ಚುತ್ತಿದ್ದ.

ರಂಜಾನ್ ಹಬ್ಬ ಬಂತು. ಪ್ರತಿ ವರ್ಷ ನಜೀರನ ಮನೆಯಿಂದ ಅವನಿಗೆಂದೇ ಬರುತ್ತಿದ್ದ ಶೀರ್ ಖುರ್ಮಾ ಪಾಯಸದ ಸ್ಟೀಲ್ ಡಬ್ಬಿ ಬರಲಿಲ್ಲ. ಅಂದು ಬೀದಿಯಲ್ಲಿ ಬೈಕ್ ನಿಂತ ಸದ್ದಾದಾಗಲೆಲ್ಲ ವೀರ ಸ್ಕ್ರೂಡ್ರೈವರ್ ಕೆಳಗಿಟ್ಟು ಬಾಗಿಲಿಗೆ ಬಂದ. ಫೋನ್ ಮಾಡಬಹುದಿತ್ತು. ವೀರರು ಫೋನ್ ಮಾಡುವುದಿಲ್ಲ.

ಅಷ್ಟರಲ್ಲಿ ಆಟದೊಳಗೆ ಘೋರ ಬೇಸಿಗೆ. ಕೋಣೆಯ ಕೂಲರ್ ಸೋತಿತು, ಬಿರಿಯಾನಿಯ ಹಸಿರು ಗೆರೆ ಕದಲಿತು. ನಾಗಲಿಂಗಪ್ಪ ಬೀದಿದೀಪ ಆರಿಸಿದ, ಆಸ್ಪತ್ರೆಯ ಕರೆಂಟು ಕಿತ್ತ, ಎರಡನೆಯ ಕೂಲರ್ ಕೂರಿಸಿದ. ಅದರ ಬಿಸಿಗಾಳಿಗೆ ಬೇರೆ ದಾರಿ ಕಾಣದೆ ಪ್ರಜೆಗಳು ಮಲಗುವ ಮನೆಯೊಳಕ್ಕೇ ಬಿಟ್ಟ. ಗೆರೆ ನಿಂತಿತು. ಪ್ರಜೆಗಳು ಸಾಲಾಗಿ ಉರುಳಿದರು.

ಎದುರಿನ ಟೀ ಅಂಗಡಿಯ ಮುನಿಯಲ್ಲಮ್ಮ ಟೀ ಕೊಡಲು ಬಂದವಳು ಸ್ಕ್ರೀನ್ ನೋಡಿ ನಿಂತಳು.

"ಇದೇನ್ ಲಿಂಗಣ್ಣ, ಜನ ಸಾಯ್ತಾವ್ರೆ, ನೀನು ತಂಗಳು ಕಾಯ್ಕೊಂಡು ಕುಂತಿದ್ದೀಯ?"

ಯಾರ ಕೈಯಡುಗೆ ಎಂಬುದನ್ನೂ ಅವಳು ಕೇಳಿ ತಿಳಿದುಕೊಂಡೇ ಹೋದಳು. ಅವಳ ಬಾಯಿಗೆ ಬಿದ್ದ ಸುದ್ದಿ ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲೂ ನಿಲ್ಲದೆ ನಜೀರನ ಅಂಗಡಿ ಸೇರಿತು.

ಮಾರನೆಯ ದಿನ ನಜೀರ್ ಬಂದ. ತನ್ನ ವ್ಯಾಕ್ಯೂಮ್ ಪಂಪ್ ಕೆಟ್ಟಿದೆ, ಒಂದು ದಿನದ ಮಟ್ಟಿಗೆ ನಾಗಲಿಂಗಪ್ಪನದು ಬೇಕು ಎಂದ. ಹೆಲ್ಮೆಟ್ ತೆಗೆಯಲಿಲ್ಲ. ನಾಗಲಿಂಗಪ್ಪ ಪಂಪ್ ತಂದುಕೊಟ್ಟ. ಹೊರಟವನ ಕಣ್ಣು ಸ್ಕ್ರೀನಿಗೆ ಬಿತ್ತು. ಕಸುಬು ಬಲ್ಲವನಿಗೆ ಆ ದೃಶ್ಯ ನೋಡಿ ಸುಮ್ಮನೆ ಹೋಗಲು ಆಗಲಿಲ್ಲ.

"ಏನ್ ಗುರು, ಬಿಸಿಗಾಳೀನ ಬೆಡ್‌ರೂಮಿಗೆ ಬಿಟ್ಟಿದ್ದೀಯಾ? ಮೇಸ್ತ್ರಿ ನೋಡಿದ್ರೆ ಸ್ಪ್ಯಾನರ್ ತಗೊಂಡು ಹೊಡೀತಿದ್ರು."

ಪಂಪ್ ಕೆಳಗಿಟ್ಟು, ಸ್ಟೂಲ್ ಎಳೆದುಕೊಂಡು, ಆಟದ ಗೋಡೆಯೊಂದನ್ನು ಒಡೆದು ಗಾಳಿಯನ್ನು ಹೊರಕ್ಕೆ ತಿರುಗಿಸಿದ. ಉರುಳಿದ್ದ ಪ್ರಜೆಗಳು ಒಬ್ಬೊಬ್ಬರಾಗಿ ಎದ್ದರು. ಆಮೇಲೆ ತಣ್ಣನೆಯ ಕೋಣೆಯೊಳಗೆ ಮೌಸ್ ಒಯ್ದ. ಮುನಿಯಲ್ಲಮ್ಮ ಹೇಳಿದ್ದನ್ನು ಅವನು ಅರ್ಧ ಮಾತ್ರ ನಂಬಿದ್ದ. ಖಾಲಿ ಕೋಣೆ, ನಡುವೆ ಒಂದೇ ತಟ್ಟೆ, ಅದರ ಮೇಲೆ ತನ್ನ ಹೆಸರು. ಗೆರೆ ಇನ್ನೂ ಹಸಿರಾಗಿತ್ತು.

ನಜೀರ್ ಹೆಲ್ಮೆಟ್ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಅಲ್ಲ ಮಗಾ, ನೀನಂತೂ ತಿನ್ನಲ್ಲ, ಅವ್ರಿಗೂ ಕೊಡಲ್ಲ. ಇದನ್ನ ಯಾಕೋ ಇಟ್ಕೊಂಡಿದ್ದೀಯಾ?"

ನಾಗಲಿಂಗಪ್ಪ ವೈರನ್ನು ಸುತ್ತಿ, ಪಂಪನ್ನು ಮತ್ತೆ ಅದರ ಜಾಗದಲ್ಲಿಟ್ಟ.

"ಬಿಸಾಕೋದು ಹೆಂಗೆ ಅಂತ ನೀನು ಹೇಳ್ಕೊಟ್ಟೇ ಇರ್ಲಿಲ್ಲ."