ಗಾಜಿನ ತೊಟ್ಟಿಯೊಳಗಿನ ಗಡಿಪಾರು

ಕಡಲು ಕೂಗಳತೆಯಲ್ಲೇ ಇದ್ದರೂ ಬಂದರು ಪಟ್ಟಣ ಅಕಾಬಾದ ರಸ್ಮಿಯಾಳಿಗೆ ನಡುಮನೆಯಲ್ಲೂ ಒಂದು ಕಡಲು ಬೇಕು. ಅವಳ ಉಪ್ಪುನೀರಿನ ಗಾಜಿನ ತೊಟ್ಟಿಯಲ್ಲಿ ಪುಟ್ಟ ಹಸಿರು ಮೀನುಗಳ ಹಿಂಡಿತ್ತು. ಅದರಲ್ಲೊಂದು ಸೊಕ್ಕೇರಿ, ಮೂಲೆಯ ಕಲ್ಲನ್ನು ತನ್ನದು ಮಾಡಿಕೊಂಡು, ಹತ್ತಿರ ಬಂದವುಗಳ ಬಾಲ ಕಚ್ಚತೊಡಗಿತು.

"ಬೆಕ್ಕಿಗೆ ಹಾಕೇ ಅದನ್ನ," ಎಂದ ಗಂಡ ದೈಫಲ್ಲಾ. ಬುಡಕಟ್ಟುಗಳ ಜಗಳ ಬಿಡಿಸುವ ಹಿರಿಯ ಅವನು. ತಪ್ಪು ಮಾಡಿದವನ ಮನೆಯವರನ್ನು ರಾಜಿಯಾಗುವ ತನಕ ಊರು ಬಿಡಿಸುವುದು ಅವರ ಕಟ್ಟಳೆ.

"ಊರು ಬಿಡಿಸೋದು ನಿಮಗೊಬ್ರಿಗೇ ಬರುತ್ತಾ?" ಎನ್ನುತ್ತ ರಸ್ಮಿಯಾ ಆ ಮೀನನ್ನು ಪ್ಲಾಸ್ಟಿಕ್ ಜರಡಿ ಬುಟ್ಟಿಯೊಳಗೆ ಹಾಕಿ ತೊಟ್ಟಿಯಲ್ಲೇ ತೇಲಿಬಿಟ್ಟಳು. ಹಿಂಡು ಅದಕ್ಕೆ ಕಾಣುತ್ತಿತ್ತು, ಕಚ್ಚಲು ಎಟುಕುತ್ತಿರಲಿಲ್ಲ. ಆಮೇಲೆ ತೋಳೇರಿಸಿ, ಒಳಗಿನ ಕಲ್ಲುಗಳನ್ನೆಲ್ಲ ಅದಲು ಬದಲು ಮಾಡಿದಳು.

ವಾರದ ಬಳಿಕ ಬಿಟ್ಟಾಗ ಮೀನು ನೆಟ್ಟಗೆ ಮೂಲೆಗೆ ಓಡಿತು. ಅಲ್ಲಿ ಅದರ ಕಲ್ಲಿರಲಿಲ್ಲ. ಅತ್ತಿತ್ತ ಹುಡುಕಾಡಿ, ತೆಪ್ಪಗೆ ಹಿಂಡಿನ ಕೊನೆಗೆ ಸೇರಿಕೊಂಡಿತು.

ದೈಫಲ್ಲಾ ಕಾಫಿ ಬಟ್ಟಲು ಕೆಳಗಿಟ್ಟ. "ನಾನು ಊರು ಬಿಡಿಸಿದೋರು ವಾಪಸ್ ಬಂದ ತಕ್ಷಣ ಮತ್ತೆ ಕಾಲು ಕೆರೀತಾರಲ್ಲೇ!"

ರಸ್ಮಿಯಾ ಮೀನುಗಳಿಗೆ ಒಂದು ಚಿಟಿಕೆ ಆಹಾರ ಉದುರಿಸಿದಳು. "ನೀವು ಜನಾನ ಒಕ್ಕಲೆಬ್ಬಿಸ್ತೀರಿ. ಕಲ್ಲನ್ನ ಮಾತ್ರ ಅಲ್ಲೇ ಬಿಡ್ತೀರಿ."